ಸಂಪಾದಕರ ಉತ್ತರ: ದುಡ್ಡು ಫೋಟೋಗೋ, ಹಾರಾಟಕ್ಕೋ?

ಅಮೆರಿಕದಲ್ಲಿರುವ ನಮ್ಮ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಬಳಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. 120 ಗಂಟೆ ಹಾರಿದ್ದೇನೆ. ಶನಿವಾರ ಸೆಸ್ನಾ 172 ಎಂಬ ನಾಲ್ಕು ಸೀಟಿನ ಸಣ್ಣ ವಿಮಾನ ಬಾಡಿಗೆಗೆ ತಗೊಂಡು ಸುತ್ತಾಡುವುದು ನನ್ನ ಹವ್ಯಾಸ. ಕ್ಯಾಮೆರಾ ಹುಚ್ಚೂ ಇದೆ. ಪರಿಚಯದ ರಿಯಲ್ ಎಸ್ಟೇಟ್ ಏಜೆಂಟ್ ಒಬ್ಬರು ಜಮೀನುಗಳ ಫೋಟೋ ಮೇಲಿಂದ ತೆಗೆದುಕೊಟ್ಟರೆ ಪ್ರತಿ ಸಲ 300 ಡಾಲರ್ ಕೊಡುತ್ತೇನೆ ಎನ್ನುತ್ತಿದ್ದಾರೆ. ನಾನೇ ಹಾರಿಸುತ್ತಾ ನಾನೇ ತೆಗೆಯುತ್ತೇನೆ. ದುಡ್ಡು ಫೋಟೋಗೆ ತಾನೇ, ಹಾರಾಟಕ್ಕಲ್ಲವಲ್ಲ? ಬೇಡವೆಂದರೆ ಪೆಟ್ರೋಲ್ ಖರ್ಚು ಮಾತ್ರ ತಗೊಳ್ಳಬಹುದಾ?"

ಪ್ರಿಯ ಓದುಗರೇ,

ಮೊದಲೇ ಹೇಳಿಬಿಡುತ್ತೇನೆ, ಆ 300 ಡಾಲರ್ ಮುಟ್ಟಬೇಡಿ. ಪೆಟ್ರೋಲ್ ಖರ್ಚನ್ನೂ ಮುಟ್ಟಬೇಡಿ. ಆದರೆ ಫೋಟೋ ತೆಗೆದು ದುಡಿಯುವ ದಾರಿ ನಿಮಗೆ ಪೂರ್ತಿ ಮುಚ್ಚಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ 61.113 ಪ್ರೈವೇಟ್ ಪೈಲಟ್‌ಗೆ ಎರಡು ಮಾತು ಹೇಳುತ್ತದೆ. ಕಾಸಿಗಾಗಿ ಜನರನ್ನಾಗಲಿ ಸಾಮಾನನ್ನಾಗಲಿ ಹೊತ್ತು ಹಾರಬೇಡ. ಕಾಸು ತಗೊಂಡು ವಿಮಾನದ ಮುಖ್ಯ ಪೈಲಟ್ ಆಗಿ ಕೂರಲೂ ಬೇಡ. ನಿಮ್ಮನ್ನು ಹಿಡಿಯುವುದು ಈ ಎರಡನೆಯ ಮಾತು. ಪಕ್ಕದ ಸೀಟು ಖಾಲಿ ಇದ್ದರೂ, ವಿಮಾನದಲ್ಲಿ ನೀವು ಮತ್ತು ಕ್ಯಾಮೆರಾ ಮಾತ್ರ ಇದ್ದರೂ ಅದು ಅನ್ವಯಿಸುತ್ತದೆ.

"ದುಡ್ಡು ಫೋಟೋಗೆ" ಎಂಬ ನಿಮ್ಮ ವಾದ ಹೊಸದಲ್ಲ. ಅದಕ್ಕೆ ಸ್ವಲ್ಪ ಆಧಾರವೂ ಇದೆ. ಅದೇ ನಿಯಮದಲ್ಲಿ ಒಂದು ವಿನಾಯಿತಿ ಇದೆ: ನಿಮ್ಮ ಕೆಲಸ ಬೇರೆಯದಾಗಿದ್ದು, ಹಾರಾಟ ಅದರ ನಡುವೆ ಬಂದುಹೋಗುವ ಸಣ್ಣ ವಿಷಯವಾಗಿದ್ದರೆ ಪರವಾಗಿಲ್ಲ. ಉದಾಹರಣೆಗೆ, ಕಂಪನಿಯ ಮೀಟಿಂಗ್‌ಗೆ ಬೇರೆ ಊರಿಗೆ ಹೋಗಬೇಕು. ಕಾರಿನ ಬದಲು ವಿಮಾನ ಹಾರಿಸಿಕೊಂಡು ಒಬ್ಬರೇ ಹೋದಿರಿ. ಕಂಪನಿ ಖರ್ಚು ಕೊಟ್ಟಿತು. ಅಡ್ಡಿಯಿಲ್ಲ. ಮೀಟಿಂಗ್‌ಗೆ ಬಸ್ಸಿನಲ್ಲೂ ಹೋಗಬಹುದಿತ್ತು.

ಮೇಲಿಂದ ತೆಗೆಯುವ ಫೋಟೋಗೆ ಬಸ್ಸಿನಲ್ಲಿ ಹೋಗಲಾಗುತ್ತದಾ? ಇಲ್ಲಿ ಹಾರಾಟ ನಡುವೆ ಬಂದುಹೋಗುವ ವಿಷಯವಲ್ಲ, ಹಾರಾಟವೇ ಕಸುಬು. ಬಿಲ್ಲಿನಲ್ಲಿ "ಫೋಟೋ ಶುಲ್ಕ" ಎಂದು ಬರೆದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಏಜೆಂಟ್ ಫೋನ್ ಮಾಡದಿದ್ದರೆ ಆ ಶನಿವಾರ ಆ ಜಮೀನಿನ ಮೇಲೆ ನೀವು ಹಾರುತ್ತಿದ್ದಿರಾ? ಇಲ್ಲ ಎಂದಾದರೆ ಅದು ಅವರ ಹಾರಾಟ, ನಿಮ್ಮದಲ್ಲ.

ಇನ್ನು ಪೆಟ್ರೋಲ್ ಖರ್ಚು. ಬಹಳ ಜನ ಎಡವುವುದು ಇಲ್ಲೇ. ಕಾಸು ಅಂದರೆ ಕೈಗೆ ಬಂದ ನೋಟು ಮಾತ್ರ ಎಂದುಕೊಳ್ಳುತ್ತಾರೆ. ಎಫ್‌ಎಎ ಹಾಗೆ ನೋಡುವುದಿಲ್ಲ. ಬೇರೆಯವರ ಖರ್ಚಿನಲ್ಲಿ ಹಾರಿ ಹಾರಾಟದ ಲೆಕ್ಕ ಬರೆಯುವ ನಿಮ್ಮ ಲಾಗ್‌ಬುಕ್‌ಗೆ ಗಂಟೆ ಸೇರಿಸಿಕೊಂಡರೆ ಅದೂ ಪ್ರತಿಫಲವೇ. ಮುಂದೆ ವ್ಯಾಪಾರ ಸಿಗಲಿ ಎಂದು ಪುಕ್ಕಟೆ ಮಾಡಿಕೊಟ್ಟರೆ ಅದನ್ನೂ ಪ್ರತಿಫಲವೆಂದು ಹಿಡಿಯಬಹುದು.

ಖರ್ಚು ಹಂಚಿಕೊಳ್ಳಲು ಅವಕಾಶ ಇದೆ ನಿಜ. ಇಂಧನ, ಆಯಿಲ್, ಏರ್‌ಪೋರ್ಟ್ ಶುಲ್ಕ, ವಿಮಾನದ ಬಾಡಿಗೆ, ಈ ನಾಲ್ಕನ್ನು ಮಾತ್ರ. ಇಬ್ಬರು ಹೋದರೆ ನಿಮ್ಮ ಪಾಲು ಅರ್ಧಕ್ಕಿಂತ ಕಡಿಮೆ ಇರಬಾರದು. ಬಾಡಿಗೆ, ಇಂಧನ ಎಲ್ಲ ಸೇರಿ 160 ಡಾಲರ್ ಆಯಿತು ಅಂದುಕೊಳ್ಳಿ. 80 ನಿಮ್ಮ ಜೇಬಿನಿಂದಲೇ ಹೋಗಬೇಕು. ಜೊತೆಗೆ ಇಬ್ಬರಿಗೂ ಅಲ್ಲಿಗೆ ಹೋಗಲು ಅವರವರ ಕಾರಣ ಇರಬೇಕು. ಏಜೆಂಟ್‌ಗೆ ಜಮೀನಿನ ಫೋಟೋ ಬೇಕು, ನಿಮಗೆ ಅಲ್ಲಿ ಏನೂ ಕೆಲಸವಿಲ್ಲ ಎಂದರೆ ಅದು ಹಂಚಿಕೆ ಅಲ್ಲ, ಬಾಡಿಗೆ ಸವಾರಿ.

ಖುಷಿಗೆ ಹಾರಿದಾಗ ತೆಗೆದ ಚಿತ್ರವನ್ನು ತಿಂಗಳುಗಳ ಮೇಲೆ ಯಾರೋ ಇಷ್ಟಪಟ್ಟು ಕೊಂಡರೆ? ನನ್ನ ಪ್ರಕಾರ ಅದಕ್ಕೆ ಹೆದರಬೇಕಿಲ್ಲ. ಹಾರುವಾಗ ಗಿರಾಕಿ ಇರಲಿಲ್ಲವಲ್ಲ. ಆದರೆ ವಾರವಾರವೂ "ಖುಷಿಗೆ" ಹಾರಿ, ವಾರವಾರವೂ ಮಾರಿದರೆ ಯಾರೂ ನಂಬುವುದಿಲ್ಲ.

ಹಾಗಾದರೆ ದುಡ್ಡು ತಗೊಂಡು ಯಾರು ಹಾರಬಹುದು? ಕಮರ್ಷಿಯಲ್ ಪೈಲಟ್. ಸಾಮಾನ್ಯ ದಾರಿಯಲ್ಲಿ 250 ಗಂಟೆ ಹಾರಾಟ ಬೇಕು, ಎರಡನೆಯ ದರ್ಜೆಯ ವೈದ್ಯಕೀಯ ಪತ್ರ ಬೇಕು. ಅದು ಸಿಕ್ಕ ಮೇಲೆ ಫೋಟೋ ಕೆಲಸಕ್ಕೆ ಒಂದು ದೊಡ್ಡ ಅನುಕೂಲವಿದೆ. ಚಾರ್ಟರ್ ಕಂಪನಿಗಳ ಹಾಗೆ ಬೇರೆ ಪರವಾನಗಿ ಪಡೆಯಬೇಕಿಲ್ಲ. ನಿಯಮ 119.1ರಲ್ಲಿ ವೈಮಾನಿಕ ಛಾಯಾಗ್ರಹಣ, ಸರ್ವೆ, ಬೆಳೆಗೆ ಔಷಧಿ ಸಿಂಪಡಿಸುವುದು, ಬ್ಯಾನರ್ ಎಳೆಯುವುದು ಇವನ್ನೆಲ್ಲ ಹೊರಗಿಟ್ಟಿದ್ದಾರೆ.

ಈ ವಿನಾಯಿತಿಯನ್ನು ಎಳೆದಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಕಹಿ ಘಟನೆ ಇದೆ. 2018ರ ಮಾರ್ಚ್ 11ರಂದು ನ್ಯೂಯಾರ್ಕ್‌ನ ಈಸ್ಟ್ ನದಿಗೆ ಬಾಗಿಲು ತೆಗೆದ ಹೆಲಿಕಾಪ್ಟರ್ ಬಿತ್ತು. ಬೀಳದಿರಲಿ ಎಂದು ಒಬ್ಬ ಪ್ರಯಾಣಿಕನಿಗೆ ಕಟ್ಟಿದ್ದ ಪಟ್ಟಿ ಇಂಧನ ನಿಲ್ಲಿಸುವ ಲಿವರ್‌ಗೆ ಸಿಕ್ಕಿ ಎಂಜಿನ್ ನಿಂತಿತ್ತು. ನದಿಯಲ್ಲಿ ಮಗುಚಿದಾಗ ಆ ಪಟ್ಟಿಗಳನ್ನು ಬಿಚ್ಚಿಕೊಳ್ಳಲಾಗದೆ ಐದೂ ಪ್ರಯಾಣಿಕರು ಮುಳುಗಿ ಸತ್ತರು. ಪೈಲಟ್ ಬದುಕಿದರು. ಪ್ರವಾಸಿಗರ ಸುತ್ತಾಟಕ್ಕೆ ಛಾಯಾಗ್ರಹಣದ ಹೆಸರು ಕೊಟ್ಟು, ಕಡಿಮೆ ನಿಗಾ ಇರುವ ನಿಯಮದಡಿ ಹಾರಿಸುತ್ತಿದ್ದರು ಎಂದು ತನಿಖೆಯಲ್ಲಿ ಗೊತ್ತಾಯಿತು.

ನಿಮ್ಮ ಪತ್ರದಲ್ಲಿ ನನಗೆ ದುಡ್ಡಿಗಿಂತ ಜಾಸ್ತಿ ಕಳವಳ ತಂದದ್ದು ಬೇರೆ ಸಾಲು: "ನಾನೇ ಹಾರಿಸುತ್ತಾ ನಾನೇ ತೆಗೆಯುತ್ತೇನೆ." ದಯವಿಟ್ಟು ಬೇಡ. ಕೆಳಗಿನ ಮನೆ ಚೌಕಟ್ಟಿಗೆ ಬರಲಿ ಎಂದು ರೆಕ್ಕೆ ವಾಲಿಸುತ್ತೀರಿ. ರೆಕ್ಕೆಗೆ ಆಸರೆ ಕೊಟ್ಟ ಕಂಬಿ ಅಡ್ಡ ಬಂತು, ಇನ್ನೂ ಸ್ವಲ್ಪ ವಾಲಿಸುತ್ತೀರಿ. ವೇಗ ಕಡಿಮೆ ಮಾಡುತ್ತೀರಿ. ಕಣ್ಣು ವ್ಯೂಫೈಂಡರ್‌ನಲ್ಲಿ, ಒಂದೇ ಕೈ ವಿಮಾನದ ಸ್ಟೀರಿಂಗ್ ಆದ ಯೋಕ್ ಮೇಲೆ. ಮೂತಿ ಮೇಲೇಳುತ್ತಿರುವುದು, ಸ್ಟಾಲ್ ಹಾರ್ನ್ (ರೆಕ್ಕೆ ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವ ಮುನ್ನ ಎಚ್ಚರಿಸುವ ಸದ್ದು) ಕುಯ್‌ಗುಡುತ್ತಿರುವುದು ಗಮನಕ್ಕೆ ಬರುವಷ್ಟರಲ್ಲಿ ನೆಲ ಹತ್ತಿರ ಬಂದಿರುತ್ತದೆ. ಅಷ್ಟು ಕೆಳಗೆ ಸ್ಟಾಲ್ ಆದರೆ ಸರಿಪಡಿಸಿಕೊಳ್ಳಲು ಎತ್ತರವೇ ಇರುವುದಿಲ್ಲ. ನೆಲದ ಎರಡು ಗುರುತುಗಳ ಸುತ್ತ ಇಂಗ್ಲಿಷ್ ಎಂಟರ (8) ಆಕಾರದಲ್ಲಿ ಸುತ್ತುವ ವರಸೆಯನ್ನು ಕಮರ್ಷಿಯಲ್ ಪರೀಕ್ಷೆಯಲ್ಲಿ ಸುಮ್ನೆ ಇಟ್ಟಿಲ್ಲ.

ಎತ್ತರದ ಲೆಕ್ಕ ಎಲ್ಲ ಪೈಲಟ್‌ಗಳಿಗೂ ಒಂದೇ. ಜನವಸತಿಯ ಮೇಲೆ, ಸುತ್ತಲಿನ 2,000 ಅಡಿ ದೂರದೊಳಗಿನ ಅತಿ ಎತ್ತರದ ಅಡೆತಡೆಗಿಂತ 1,000 ಅಡಿ ಮೇಲಿರಬೇಕು. ಬೇರೆ ಕಡೆ ನೆಲದಿಂದ 500 ಅಡಿ. ಬಯಲಲ್ಲಿ ಇನ್ನೂ ಕೆಳಗೆ ಹೋಗಬಹುದು, ಆದರೆ ಜನ, ಗಾಡಿ, ಕಟ್ಟಡಗಳಿಂದ 500 ಅಡಿ ದೂರವಿರಬೇಕು. ವಿಮೆಯ ಕಾಗದವನ್ನೂ ಒಮ್ಮೆ ಓದಿ. ಬಾಡಿಗೆ ವಿಮಾನದ ಪಾಲಿಸಿಯಲ್ಲಿ ಕಾಸಿಗೆ ಹಾರುವುದನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ.

ಈಗ ದಾರಿಗಳ ವಿಷಯ. ಒಂದು, ಡ್ರೋನ್. 2016ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಎಫ್‌ಎಎಯ ಡ್ರೋನ್ ನಿಯಮ ಪಾರ್ಟ್ 107ರ ಪ್ರಕಾರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇದ್ದವರು ದುಡ್ಡಿಗೆ ಫೋಟೋ ತೆಗೆಯಬಹುದು. ಬೇರೆಯವರು ಅದಕ್ಕೆ ಪರೀಕ್ಷೆ ಬರೆಯಬೇಕು. ನಿಮ್ಮ ಫ್ಲೈಟ್ ರಿವ್ಯೂ (ಪೈಲಟ್‌ಗಳು ಎರಡು ವರ್ಷಕ್ಕೊಮ್ಮೆ ತರಬೇತುದಾರರ ಜೊತೆ ಮಾಡುವ ಮರುಪರಿಶೀಲನೆ) ಚಾಲ್ತಿಯಲ್ಲಿದ್ದರೆ ಎಫ್‌ಎಎಯ ಉಚಿತ ಆನ್‌ಲೈನ್ ಕೋರ್ಸ್ ಮುಗಿಸಿ ಅರ್ಜಿ ಹಾಕಿದರೆ ಸಾಕು. ನೆಲದಿಂದ 400 ಅಡಿ ಮಿತಿ, ಡ್ರೋನ್ ಕಣ್ಣಿಗೆ ಕಾಣುತ್ತಿರಬೇಕು. ಜಮೀನಿನ ಫೋಟೋಗೆ ಅಷ್ಟು ಎತ್ತರ ಧಾರಾಳವಾಯಿತು. ತಮಾಷೆ ನೋಡಿ, ನೀವು ಕೂತು ಹಾರಿಸುವ ವಿಮಾನದಲ್ಲಿ ದುಡಿಯುವ ಹಾಗಿಲ್ಲ, ನೆಲದ ಮೇಲೆ ನಿಂತು ಹಾರಿಸುವುದರಲ್ಲಿ ದುಡಿಯಬಹುದು.

ಎರಡನೆಯದು ಇನ್ನೂ ಸರಳ. ಫೋಟೋ ತೆಗೆಯುವವರಿಗೆ ಪೈಲಟ್ ಲೈಸೆನ್ಸ್ ಬೇಕಿಲ್ಲ ಅಲ್ವಾ? ಕಮರ್ಷಿಯಲ್ ಪೈಲಟ್ ಒಬ್ಬರನ್ನು ಗೊತ್ತುಮಾಡಿ. ಅವರು ಹಾರಿಸಲಿ, ಅವರ ಸಂಬಳ ಅವರಿಗೆ. ನೀವು ಪಕ್ಕದಲ್ಲಿ ಕ್ಯಾಮೆರಾ ಹಿಡಿದು ಕೂತು ಏಜೆಂಟ್‌ಗೆ ಬಿಲ್ ಕೊಡಿ. ಕೆಲವು ಹಳೆಯ 172ಗಳಲ್ಲಿ ಎಡಗಡೆ ಕಿಟಕಿ ಮಾತ್ರ ತೆರೆಯುತ್ತದೆ, ಬಲಗಡೆಯದು ಗಟ್ಟಿ ಗಾಜು. ಬುಕ್ ಮಾಡುವ ಮೊದಲು ಬಲಗಡೆಯದೂ ತೆರೆಯುತ್ತದಾ ಎಂದು ಕೇಳಿಕೊಳ್ಳಿ.

– ಸಂಪಾದಕ