ಅನ್‌ಮೌಂಟ್ ಕ್ರ್ಯಾಶ್‌ಗೆ ಬಂದ ಪ್ಯಾಚ್: ನಲ್ ಚೆಕ್ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಲಿನಕ್ಸ್‌ನಲ್ಲಿ ಒಂದು ಫೈಲ್‌ಸಿಸ್ಟಮ್ ಅನ್‌ಮೌಂಟ್ ಮಾಡುವಾಗ (ಅಂದರೆ ಅದನ್ನು ಬಳಕೆಯಿಂದ ಬಿಡಿಸುವಾಗ) ಕರ್ನಲ್, ಅಂದರೆ ಸಿಸ್ಟಮ್‌ನ ತಿರುಳು, ಆಗಾಗ ಕ್ರ್ಯಾಶ್ ಆಗುತ್ತಿತ್ತು. ಹಿನ್ನೆಲೆಯಲ್ಲಿ ಓಡುತ್ತಾ ಕ್ಯೂನಲ್ಲಿರುವ ಕೆಲಸಗಳನ್ನು ಮಾಡುವ ವರ್ಕರ್, ಆಗಲೇ ಫ್ರೀ ಆದ (ಹಿಂದಿರುಗಿಸಿದ) ಮೆಮೊರಿಯನ್ನು ಮುಟ್ಟುತ್ತಿತ್ತು. ಪ್ಯಾಚ್ ಬರೆದವರು ಫ್ರೀ ಮಾಡಿದ ಮೇಲೆ ಆ ಮೆಮೊರಿಯ ವಿಳಾಸವಿರುವ ಪಾಯಿಂಟರ್‌ ನಲ್ (ಖಾಲಿ) ಮಾಡಿ, ವರ್ಕರ್‌ನಲ್ಲಿ ಅದು ಖಾಲಿಯೇ ಎಂದು ನೋಡುವ ಒಂದು ನಲ್ ಚೆಕ್ ಹಾಕಿದ್ದಾರೆ. ಕ್ರ್ಯಾಶ್ ನಿಂತಿದೆ. ರಿವ್ಯೂಡ್-ಬೈ, ಅಂದರೆ ‘ನೋಡಿದ್ದೇನೆ, ಸರಿಯಿದೆ’ ಅನ್ನುವ ಒಪ್ಪಿಗೆ, ಕೊಡಬಹುದಾ?

ಈಗಲೇ ಕೊಡಬೇಡಿ. ಚೆಕ್ ದಾಟಿದ ವರ್ಕರ್ ಪಾಯಿಂಟರ್ ಬಳಸುವಷ್ಟರಲ್ಲಿ, ಇನ್ನೊಂದು ಸಿಪಿಯುನಲ್ಲಿ ಅನ್‌ಮೌಂಟ್ ಅದೇ ಮೆಮೊರಿಯನ್ನು ಫ್ರೀ ಮಾಡಬಹುದು ಅಲ್ವಾ? ಬಗ್ ಈಗ ಅಪರೂಪವಾಗಿದೆ, ಅಷ್ಟೇ. ಅಪರೂಪವಾದಷ್ಟೂ ಹಿಡಿಯುವುದು ಜಾಸ್ತಿ ಕಷ್ಟ.

ಇಂಥ ಪ್ಯಾಚ್ ಬಂದರೆ ನಾನು ಮೊದಲು ಡಿಫ್ (ಬದಲಾದ ಸಾಲುಗಳ ಪಟ್ಟಿ) ಬದಿಗಿಟ್ಟು, ಅನ್‌ಮೌಂಟ್ ನಡೆಯುವ ಕ್ರಮವನ್ನು ಬರೆದುಕೊಳ್ಳುತ್ತೇನೆ. ಕರ್ನಲ್‌ನ ಜೆನೆರಿಕ್_ಶಟ್‌ಡೌನ್_ಸೂಪರ್ ಫಂಕ್ಷನ್ ಡೆಂಟ್ರಿ ಕ್ಯಾಶ್ (ಫೈಲ್ ಹೆಸರುಗಳ ನೆನಪು) ಖಾಲಿ ಮಾಡುತ್ತದೆ, ಸಿಂಕ್ ಮಾಡುತ್ತದೆ (ಬಾಕಿ ಡೇಟಾ ಡಿಸ್ಕ್‌ಗೆ ಬರೆಯುತ್ತದೆ), ಫೈಲ್‌ಸಿಸ್ಟಮ್ ಬಳಕೆಯಲ್ಲಿದೆ ಅನ್ನುವ ಎಸ್‌ಬಿ_ಆಕ್ಟಿವ್ ಫ್ಲ್ಯಾಗ್ ತೆಗೆಯುತ್ತದೆ, ಯಾರೂ ಹಿಡಿದಿರದ ಐನೋಡ್‌ಗಳನ್ನು (ಮೆಮೊರಿಯಲ್ಲಿರುವ ಒಂದೊಂದು ಫೈಲಿನ ದಾಖಲೆಗಳನ್ನು) ಹೊರಹಾಕುತ್ತದೆ. ಆಮೇಲೆ ಆ ಫೈಲ್‌ಸಿಸ್ಟಮ್‌ನದೇ ಮುಚ್ಚುವ ಫಂಕ್ಷನ್ ಆದ ಪುಟ್_ಸೂಪರ್ ಕರೆಯುತ್ತದೆ. ಅದಾದಮೇಲೂ ಐನೋಡ್ ಉಳಿದಿದ್ದರೆ ‘Busy inodes after unmount’ (ಅನ್‌ಮೌಂಟ್ ಆದಮೇಲೂ ಬಳಕೆಯಲ್ಲಿರುವ ಐನೋಡ್‌ಗಳಿವೆ) ಅಂತ ಲಾಗ್‌ನಲ್ಲಿ ಕೂಗುತ್ತದೆ.

ಈ ಸಾಲಿನಲ್ಲಿ ವರ್ಕರ್ ಎಲ್ಲಿ ನಿಲ್ಲಬೇಕು? ತೀರಾ ಬೇಗ ನಿಲ್ಲಿಸಿದರೆ, ಸಿಂಕ್ ಅಥವಾ ಐನೋಡ್ ಹೊರಹಾಕುವ ಹಂತವೇ ಮತ್ತೆ ಹೊಸ ಕೆಲಸವನ್ನು ಕ್ಯೂಗೆ ಹಾಕಬಹುದು. ಪುಟ್_ಸೂಪರ್‌ವರೆಗೆ ಬಿಟ್ಟರೆ ಬೇರೆ ತೊಡಕು. ವರ್ಕರ್ ಐಗ್ರ್ಯಾಬ್ ಮಾಡಿ (ರೆಫರೆನ್ಸ್ ತೆಗೆದುಕೊಂಡು) ಹಿಡಿದ ಐನೋಡನ್ನು ಐನೋಡ್ ಹೊರಹಾಕುವ ಹಂತ ಮುಟ್ಟದೆ ಬಿಟ್ಟಿರುತ್ತದೆ. ಆಮೇಲೆ ವರ್ಕರ್ ಐಪುಟ್ ಮಾಡಿದಾಗ (ಆ ರೆಫರೆನ್ಸ್ ಬಿಟ್ಟಾಗ), ಆಕ್ಟಿವ್ ಫ್ಲ್ಯಾಗ್ ಹೋಗಿರುವುದರಿಂದ ಐನೋಡ್ ಕ್ಯಾಶ್‌ನಲ್ಲಿ ಉಳಿಯದೆ ಆಗಲೇ ಹೊರಬೀಳುತ್ತದೆ. ಅಷ್ಟರಲ್ಲಿ ಪುಟ್_ಸೂಪರ್ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ಮುಚ್ಚಿಬಿಟ್ಟಿದ್ದರೆ ಮತ್ತೊಂದು ಕ್ರ್ಯಾಶ್. ಹಾಗಾಗಿ ಪುಟ್_ಸೂಪರ್‌ನಲ್ಲೇ ನಿಲ್ಲಿಸುವುದಾದರೆ, ಬೇರೆ ಏನನ್ನೂ ಕೆಡವುವ ಮೊದಲು ನಿಲ್ಲಿಸಬೇಕು. ಇನ್ನು ಹೊಸ ಕೆಲಸ ಬೇಡ ಅನ್ನುವ ಗುರುತು ಮೊದಲು, ಆಮೇಲೆ ಕ್ಯಾನ್ಸಲ್_ಡಿಲೇಯ್ಡ್_ವರ್ಕ್_ಸಿಂಕ್ (ಕ್ಯೂನಲ್ಲಿರುವ ಕೆಲಸ ರದ್ದು ಮಾಡಿ, ಓಡುತ್ತಿರುವುದು ಮುಗಿಯುವವರೆಗೆ ಕಾಯುವ ಫಂಕ್ಷನ್), ಕೊನೆಗೆ ಫ್ರೀ. ಗುರುತು ನೋಡುವುದು ಮತ್ತು ಕ್ಯೂಗೆ ಹಾಕುವುದು ಒಂದೇ ಲಾಕ್ ಒಳಗೆ ನಡೆಯಲಿ. ಹೆಸರಿನ ಕೊನೆಯಲ್ಲಿ ಸಿಂಕ್ ಇಲ್ಲದ ಕ್ಯಾನ್ಸಲ್ ಫಂಕ್ಷನ್, ಆಗಲೇ ಓಡುತ್ತಿರುವ ಕೆಲಸಕ್ಕೆ ಕಾಯುವುದಿಲ್ಲ. ಇನ್ನೊಂದು ವಿಷಯ: ಕ್ಯೂನಲ್ಲಿ ಕಾಯುತ್ತಿರುವ ಕೆಲಸವೇ ಐನೋಡ್ ಹಿಡಿದಿದ್ದರೆ, ಸುಮ್ನೆ ಕ್ಯಾನ್ಸಲ್ ಮಾಡಿದರೆ ಆ ರೆಫರೆನ್ಸ್ ಸೋರಿಹೋಗುತ್ತದೆ. ಅಲ್ಲಿ ಫ್ಲಶ್ ಮಾಡುವುದೇ (ಕೆಲಸವನ್ನು ಓಡಿಸಿ ಮುಗಿಸುವುದೇ) ಸರಿ.

ವರ್ಕರ್‌ಗಾಗಿ ಕಾಯುವ ಇಂಥ ಕೋಡ್ ಸಾಲು ಸೇರಿಸಿದರೆ ಲಾಕ್‌ಗಳನ್ನೂ ನೋಡಿ. ಇಷ್ಟೂ ಹೊತ್ತು ಅನ್‌ಮೌಂಟ್, ಫೈಲ್‌ಸಿಸ್ಟಮ್‌ನ ಎಸ್_ಯುಮೌಂಟ್ ಲಾಕನ್ನು ಬರೆಯುವ ರೂಪದಲ್ಲಿ (ಬೇರೆ ಯಾರಿಗೂ ಸಿಗದಂತೆ) ಹಿಡಿದಿರುತ್ತದೆ. ವರ್ಕರ್ ಅದನ್ನೇ ಕೇಳಿದರೆ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುತ್ತಾರೆ. ಮೌಂಟ್ ಅರ್ಧಕ್ಕೆ ಸೋತ ದಾರಿಯನ್ನೂ ಓದಿ: ಎಸ್_ರೂಟ್ (ಫೈಲ್‌ಸಿಸ್ಟಮ್‌ನ ಮೂಲ ಡೈರೆಕ್ಟರಿ) ಸಿದ್ಧವಾಗದಿದ್ದರೆ ಪುಟ್_ಸೂಪರ್ ಓಡುವುದೇ ಇಲ್ಲ. ವರ್ಕರ್ ಅಷ್ಟರಲ್ಲಿ ಶುರುವಾಗಿದ್ದರೆ ಅದನ್ನು ನಿಲ್ಲಿಸುವವರು ಯಾರು?

ಪರೀಕ್ಷೆಗೆ ಕಾಸಾನ್ (KASAN, ತಪ್ಪು ಮೆಮೊರಿ ಬಳಕೆ ಹಿಡಿಯುವ ಕರ್ನಲ್ ಸಾಧನ) ಆನ್ ಮಾಡಿ. ವರ್ಕರ್‌ನಲ್ಲಿ ನಲ್ ಚೆಕ್ ಆದ ಕೂಡಲೇ ಒಂದು ಎಂಸ್ಲೀಪ್ (ಸ್ವಲ್ಪ ಹೊತ್ತು ನಿಲ್ಲಿಸುವ ಕರೆ) ಹಾಕಿ, ವರ್ಕರ್ ಅಲ್ಲಿ ನಿಂತಿರುವಾಗಲೇ ಅನ್‌ಮೌಂಟ್ ಮಾಡಿ. ಈಗಿನ ಪ್ಯಾಚ್ ಇದ್ದೂ ಕಾಸಾನ್ ದೂರು ಬಂದರೆ, ಆ ಟ್ರೇಸನ್ನೇ (ದೂರಿನ ಜೊತೆ ಬರುವ ಫಂಕ್ಷನ್ ಕರೆಗಳ ಪಟ್ಟಿ) ನಿಮ್ಮ ಉತ್ತರಕ್ಕೆ ಅಂಟಿಸಿ. ಪ್ಯಾಚ್ ಬರೆದವರು ಕಷ್ಟಪಟ್ಟು ಕ್ರ್ಯಾಶ್ ಆಗುವ ಜಾಗ ಹುಡುಕಿದ್ದಾರೆ, ಅದಕ್ಕೆ ಮೊದಲು ಥ್ಯಾಂಕ್ಸ್ ಹೇಳಿ, ಆಮೇಲೆ ಎರಡನೇ ಆವೃತ್ತಿ ಕೇಳಿ.