ಫಿಲ್ಟರ್ ಕಂಪನಿಯ ಇನ್ನೂರು ಗಿರಾಕಿಗಳೂ ಖುಷಿಯಾಗಿದ್ದಾರಂತೆ, ನಂಬಬಹುದಾ?

ಚಿಂತಾಮಣಿ ಹತ್ತಿರ ಮನೆ, ಬೋರ್‌ವೆಲ್ ನೀರು, ಎರಡು ವರ್ಷದ ಮಗು. ಫ್ಲೋರೈಡ್ ತೆಗೆಯುತ್ತೆ ಅಂತ ಮಷೀನ್ ಮಾರಲು ಬಂದವರು ಇನ್ನೂರು ಗಿರಾಕಿಗಳ ನಂಬರ್ ಕೊಟ್ಟಿದ್ದಾರೆ, ಎಷ್ಟು ಜನಕ್ಕೆ ಫೋನ್ ಮಾಡಿದರೆ ಸಾಕು ಅಂತ ಕೇಳಿದ್ದೀರಿ. ಒಬ್ಬರಿಗೂ ಮಾಡಬೇಡಿ. ನಾನು ಹನ್ನೊಂದು ಮನೆಗೆ ಖುದ್ದಾಗಿ ಹೋಗಿ ವಿಚಾರಿಸಿಯೂ ಮೋಸಹೋದವನು.

ನಮ್ಮದು ಬಾಗೇಪಲ್ಲಿ ತಾಲ್ಲೂಕು. ಮನೆ ಕಟ್ಟಿದಾಗ ಮಗಳಿಗೆ ಒಂದೂವರೆ ವರ್ಷ. ನೀರು ಎಷ್ಟು ಗಡಸು ಅಂದರೆ ಹಂಡೆಯ ಒಳಗೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಈ ಕಡೆ ಫ್ಲೋರೈಡ್ ಇದೆ ಅಂತ ನನಗೂ ಗೊತ್ತಿತ್ತು. 'ಅದೂ ಹೋಗುತ್ತೆ ಸಾರ್, ನಮ್ಮ ಕಸ್ಟಮರ್‌ಗಳನ್ನೇ ಕೇಳಿ' ಅಂದರು ಮಷೀನ್ ಮಾರುವವರು. ಹೋದೆ. ಒಬ್ಬ ಅಜ್ಜಿ ಒಳಗಿಂದ ಲೋಟದಲ್ಲಿ ನೀರು ತಂದು ಕುಡಿಸಿ, 'ನೀಳ್ಳು ಬಾಗುನ್ನಾಯಪ್ಪಾ' (ನೀರು ಚೆನ್ನಾಗಿದೆಯಪ್ಪಾ) ಅಂತ ತೆಲುಗಲ್ಲಿ ಅಂದರು. ಎಲ್ಲ ಮನೆಯಲ್ಲೂ ಅದೇ ಮಾತು: ಬೇಳೆ ಬೇಗ ಬೇಯುತ್ತೆ, ಸೋಪು ನೊರೆ ಬರುತ್ತೆ, ಪಾತ್ರೆಯಲ್ಲಿ ಪೊರೆ ಕಟ್ಟಲ್ಲ.

ಯಾರೂ ಸುಳ್ಳು ಹೇಳಲಿಲ್ಲ. ಮಾರುವವರು ಕೊಟ್ಟ ಪಟ್ಟಿಯಲ್ಲಿ ತಕರಾರು ಮಾಡಿದವರ ನಂಬರ್ ಇರಲ್ಲ ಅಂತ ಎಲ್ಲರೂ ಎಚ್ಚರಿಸುತ್ತಾರೆ. ನಿಜ. ಆದರೆ ನನ್ನ ವಿಷಯದಲ್ಲಿ ತಕರಾರು ಮಾಡಿದವರೇ ಇರಲಿಲ್ಲ. ನನ್ನ ತಪ್ಪು ಬೇರೆ ಕಡೆ ಇತ್ತು.

ಫ್ಲೋರೈಡ್‌ಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಕುಡಿಯುವವರಿಗೆ ಅದು ಇದೆಯೋ ಹೋಯಿತೋ ಅಂತ ತಿಳಿಯಲು ದಾರಿಯೇ ಇಲ್ಲ. ಆ ಮಷೀನ್ ಬರೀ ಸಾಫ್ಟನರ್, ಅಂದರೆ ನೀರಿನ ಗಡಸುತನ ತೆಗೆಯುವಂಥದ್ದು. ಒಳಗಿನ ರೆಸಿನ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತೆ, ಫ್ಲೋರೈಡನ್ನು ಮುಟ್ಟುವುದೇ ಇಲ್ಲ. ಬೇಳೆ ಬೆಂದಿದ್ದು, ನೊರೆ ಬಂದಿದ್ದು ಎಲ್ಲ ಗಡಸುತನ ಹೋಗಿದ್ದಕ್ಕೆ. ನನಗೆ ಬೇಕಿದ್ದದ್ದು ಒಂದು, ಅವರು ಖುಷಿಪಟ್ಟಿದ್ದು ಇನ್ನೊಂದಕ್ಕೆ. ನಾನು ಕೇಳಿದ್ದು 'ನೀರು ಚೆನ್ನಾಗಿದೆಯಾ?' ಅಂತ. 'ಮಷೀನ್ ಹಾಕೋ ಮೊದಲು, ಆಮೇಲೆ ನೀರು ಪರೀಕ್ಷೆ ಮಾಡಿಸಿದ್ದೀರಾ?' ಅಂತ ಕೇಳಬೇಕಿತ್ತು. ಆಮೇಲೆ ಹೋಗಿ ಕೇಳಿದಾಗ ಹನ್ನೊಂದು ಮನೆಯಲ್ಲಿ ಒಂದರಲ್ಲೂ ಮಾಡಿಸಿರಲಿಲ್ಲ. ಹನ್ನೊಂದರ ಬದಲು ಸಾವಿರ ಮನೆ ಸುತ್ತಿದ್ದರೂ ಅದೇ ಉತ್ತರ ಸಿಗುತ್ತಿತ್ತು. ಮಷೀನ್ ಹಾಕಿಸಿಕೊಂಡ ಮೇಲೆ ನಾನೂ ಐದು ವರ್ಷ ಬೇರೆಯವರಿಗೆ ಅದೇ ಉತ್ತರ ಕೊಟ್ಟಿದ್ದೇನೆ, ಅದು ಇವತ್ತಿಗೂ ಚುಚ್ಚುತ್ತೆ.

ಮಗಳಿಗೆ ಏಳು ತುಂಬುವಾಗ ಮುಂದಿನ ಹೊಸ ಹಲ್ಲು ಬಂತು. ಸೀಮೆಸುಣ್ಣದಲ್ಲಿ ಎಳೆದಂಥ ಅಡ್ಡ ಗೆರೆಗಳು, ನಡುವೆ ಕಂದು ಕಲೆ. ಉಜ್ಜಿ ಉಜ್ಜಿ ವಸಡಲ್ಲಿ ರಕ್ತ ಬರಿಸಿಕೊಂಡಳು. ಹಲ್ಲು ಹೊರಗೆ ಬರುವ ಮುಂಚೆ, ವಸಡಿನೊಳಗೆ ಬೆಳೆಯುವಾಗಲೇ ಫ್ಲೋರೈಡ್‌ನಿಂದ ಆದದ್ದು ಇದು, ಉಜ್ಜಿದರೆ ಹೋಗಲ್ಲ ಅಂದರು ಡಾಕ್ಟರ್. ಅವತ್ತೇ ನೀರು ಪರೀಕ್ಷೆಗೆ ಕೊಟ್ಟೆ. ಮಷೀನ್‌ಗೆ ಮುಂಚೆ ಲೀಟರಿಗೆ 2.6 ಮಿಲಿಗ್ರಾಂ, ಮಷೀನ್ ಆದ ಮೇಲೂ 2.6. ಭಾರತೀಯ ಮಾನಕದ ಪ್ರಕಾರ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ಹಾಗಾಗಿ ಆ ಪಟ್ಟಿಯನ್ನು ವಾಪಸ್ ಕೊಟ್ಟು, ಮಷೀನ್ ಈಗಾಗಲೇ ಇರುವ ಒಂದೇ ಒಂದು ಮನೆ ತೋರಿಸಿ ಅನ್ನಿ. ಮಷೀನ್‌ಗೆ ಹೋಗುವ ನೀರು ಒಂದು ಬಾಟಲಿ, ಬರುವ ನೀರು ಒಂದು ಬಾಟಲಿ ನೀವೇ ಹಿಡಿದು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಬಾಟಲಿ ಪ್ಲಾಸ್ಟಿಕ್ಕಿನದಾಗಿರಲಿ. ಟಿಡಿಎಸ್ ಮೀಟರ್ ಅದ್ದಿ ತೋರಿಸಿದರೆ ಒಪ್ಪಬೇಡಿ, ಅದು ಕರಗಿದ ಒಟ್ಟು ಲವಣದ ಅಂದಾಜು, ಫ್ಲೋರೈಡ್ ಎಷ್ಟು ಅಂತ ಬಿಡಿಸಿ ಹೇಳಲ್ಲ. ಕುದಿಸಿದರೂ ಫ್ಲೋರೈಡ್ ಹೋಗಲ್ಲ. ಆರ್‌ಓ ತೆಗೆಯುತ್ತೆ, ಅದರ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ.

ನಿಮ್ಮ ಮಗುವಿಗೆ ಎರಡೇ ವರ್ಷ. ಮುಂದಿನ ಹಲ್ಲುಗಳು ಈಗ ವಸಡಿನೊಳಗೆ ಬೆಳೆಯುತ್ತಿವೆ. ಬಾಟಲಿ ಈ ವಾರವೇ ಕೊಡಿ.