ಮಧ್ಯಾಹ್ನದ ಆ ಅರ್ಧ ಗಂಟೆ

ಓದುಗರ ಪತ್ರ:

"ನನ್ನ ಮಗನಿಗೆ ಎರಡೂವರೆ ವರ್ಷ. ನಾನೂ ನನ್ನ ಪತಿಯೂ ಕೆಲಸಕ್ಕೆ ಹೋಗುವವರು. ನಮ್ಮ ಬಡಾವಣೆಯಲ್ಲೇ ಒಬ್ಬರು ತಮ್ಮ ಮನೆಯಲ್ಲಿ ಏಳು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರೂವರೆಯವರೆಗೆ, ಊಟ ಸೇರಿ ತಿಂಗಳಿಗೆ 7,500 ರೂಪಾಯಿ. ಸೇರಿಸುವಾಗಲೇ ಟಿವಿ, ಮೊಬೈಲ್ ಬೇಡವೆಂದು ಹೇಳಿದ್ದೆವು. ಕಳೆದ ತಿಂಗಳು ಮಗ ನಾವೆಂದೂ ಕೇಳಿಸದ ಇಂಗ್ಲಿಷ್ ರೈಮ್ಸ್ ಹಾಡತೊಡಗಿದ. ವಿಚಾರಿಸಿದರೆ, ಮಧ್ಯಾಹ್ನ ಅಡುಗೆಮನೆಯಲ್ಲಿರುವಾಗ ಅರ್ಧ ಗಂಟೆ ಟಿವಿ ಹಾಕುತ್ತೇನೆ ಎಂದು ಡೇ ಕೇರ್‌ನವರು ಒಪ್ಪಿಕೊಂಡರು. ನಾಲ್ಕು ಮನೆಯವರು ಸೇರಿ, ಟಿವಿ ಪೂರ್ತಿ ನಿಲ್ಲಿಸಬೇಕು, ನಾವು ಫೋನಿನಲ್ಲಿ ನೋಡುವಂತೆ ಹಾಲ್‌ನಲ್ಲಿ ಕ್ಯಾಮೆರಾ ಹಾಕಿಸಬೇಕು ಎಂದು ಬರೆದುಕೊಟ್ಟೆವು. ಹಾಸಿಗೆ ಹಿಡಿದ ತಮ್ಮ ಅತ್ತೆ ಅದೇ ಹಾಲ್‌ನಲ್ಲಿ ಮಲಗುತ್ತಾರೆ, ಕ್ಯಾಮೆರಾ ಆಗುವುದಿಲ್ಲ, ಒಪ್ಪಿಗೆಯಿಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದುಬಿಟ್ಟರು. ದುಡ್ಡು ಕೊಟ್ಟೂ ಬೇಡಿಕೊಳ್ಳಬೇಕೇ?"

ಓದುಗರೊಬ್ಬರು, ಬೆಂಗಳೂರು (ಹೆಸರು ಪ್ರಕಟಿಸಬಾರದೆಂದು ಕೋರಿದ್ದಾರೆ. ನಾಲ್ಕು ಪುಟಗಳ ಪತ್ರವನ್ನು ಇಲ್ಲಿ ಸಂಕ್ಷೇಪಿಸಿದೆ.)

ಸಂಪಾದಕರ ಉತ್ತರ:

ತಾಯಿ, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನಿಮ್ಮ ಆತಂಕದಲ್ಲಿ ಹುರುಳಿದೆ. ಎರಡು ವರ್ಷ ತುಂಬುವವರೆಗೆ, ದೂರದ ಬಂಧುಗಳ ಜೊತೆ ವಿಡಿಯೊ ಕರೆಯ ಹೊರತು, ಪರದೆಯೇ ಬೇಡ ಎಂದು ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಒಂದು ಗಂಟೆಗಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಅದು ಸೇರಿಸಿತು. ಆ ಏಳು ಮಕ್ಕಳಲ್ಲಿ ಎರಡು ತುಂಬದವರೂ ಇದ್ದಾರೆ ಎಂದು ಬರೆದಿದ್ದೀರಿ. ಅವರ ಕಣ್ಣಿಗೆ ಟಿವಿ ಬೀಳುವುದು ತಪ್ಪು. ಬೇಡವೆಂದು ನೀವು ಮೊದಲೇ ಹೇಳಿದ್ದನ್ನು ಮೀರಿ, ನಿಮಗೆ ತಿಳಿಸದೆ ಹಾಕಿದ್ದೂ ತಪ್ಪೇ.

ಇಷ್ಟನ್ನು ಒಪ್ಪಿದ ಮೇಲೂ ನನ್ನ ಮನಸ್ಸು ಆ ಅಡುಗೆಮನೆಯ ಬಾಗಿಲನ್ನು ಬಿಟ್ಟು ಕದಲುತ್ತಿಲ್ಲ.

ನಿಮ್ಮ ಪೂರ್ಣ ಪತ್ರದಲ್ಲಿ 'ಡೇ ಕೇರ್‌ನವರು' ಎಂಬ ಮಾತು ಹನ್ನೊಂದು ಬಾರಿ ಬಂದಿದೆ. ಅವರ ಹೆಸರು ಒಮ್ಮೆಯೂ ಬಂದಿಲ್ಲ. ಪ್ರಕಟಿಸಲೆಂದು ಕೇಳುತ್ತಿಲ್ಲ. ಆದರೆ ದಿನಕ್ಕೆ ಹತ್ತು ಗಂಟೆ ನಿಮ್ಮ ಮಗನನ್ನು ಎತ್ತಿಕೊಂಡಿರುವವರ ವಯಸ್ಸೆಷ್ಟು, ಅವರಿಗೆ ಮಕ್ಕಳಿದ್ದಾರೆಯೇ, ಈ ಕೆಲಸ ಶುರುಮಾಡಿ ಎಷ್ಟು ವರ್ಷವಾಯಿತು ಎಂಬುದೊಂದೂ ನಾಲ್ಕು ಪುಟಗಳಲ್ಲಿ ನನಗೆ ಸಿಗಲಿಲ್ಲ. ನಿಮ್ಮ ಮಗ ಅವರನ್ನು ಏನೆಂದು ಕರೆಯುತ್ತಾನೆ? ಎರಡೂವರೆ ವರ್ಷದ ಮಗು ಏನಾದರೂ ಒಂದು ಹೆಸರಿಟ್ಟಿರುತ್ತದೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲೂ ಇಂಥ ಒಬ್ಬರಿದ್ದಾರೆ. ಹೋದ ಆಷಾಢದಲ್ಲಿ ಅವರ ಪಾತ್ರೆಯೊಂದನ್ನು ಹಿಂದಿರುಗಿಸಲು ಹೋದವಳು ಮಳೆ ಹಿಡಿದುಕೊಂಡಿತೆಂದು ಅಲ್ಲೇ ಕುಳಿತೆ. ಹನ್ನೆರಡು ಗಂಟೆಗೆ ಐದು ನಿಮಿಷವಿತ್ತು. ಒಲೆಯ ಮೇಲೆ ಕುಕ್ಕರ್, ಪಕ್ಕದಲ್ಲಿ ಕುದಿಯುವ ಹುಳಿ. ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಎರಡು ಪ್ಲಾಸ್ಟಿಕ್ ಕ್ರೇಟ್. ಹಾಲ್‌ನಲ್ಲಿ ಐದು ಮಕ್ಕಳು. ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡು ಆ ನೀರಿನಲ್ಲೇ ಅಂಗೈ ಬಡಿಯುತ್ತಿತ್ತು. ಇನ್ನೊಂದು ಮಗು ಕ್ರೇಟನ್ನು ಹತ್ತಲು ಕಾಲು ಎತ್ತಿತ್ತು. ಮೂರನೆಯದರ ಕೂದಲು ನಾಲ್ಕನೆಯದರ ಮುಷ್ಟಿಯಲ್ಲಿತ್ತು. ಐದನೆಯದು ನಿದ್ದೆಗಣ್ಣಿನಲ್ಲಿ ಅವರ ಸೆರಗು ಹಿಡಿದು ಹಿಂದೆ ಹಿಂದೆಯೇ ಸುತ್ತುತ್ತಿತ್ತು. ಅವರು ಒಲೆ ಸಣ್ಣ ಮಾಡಿದರು, ನೆಲ ಒರೆಸಿದರು, ಚಡ್ಡಿ ಬದಲಿಸಿದರು, ಮುಷ್ಟಿ ಬಿಡಿಸಿದರು. ಹತ್ತು ನಿಮಿಷದಲ್ಲಿ ಮೂರು ಸಲ ಕೈ ತೊಳೆದರು. ಆಮೇಲೆ ಬೀರುವಿನ ಮೇಲಿನಿಂದ ರಿಮೋಟ್ ತೆಗೆದು ಟಿವಿ ಹಾಕಿದರು. ಐದು ತಲೆಗಳು ಒಟ್ಟಿಗೆ ಒಂದೇ ಕಡೆಗೆ ತಿರುಗಿದವು. ಆ ನೋಟ ಕಂಡು ನನಗೂ ಹೊಟ್ಟೆಯಲ್ಲಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ.

ಆದರೆ ಆ ಇಪ್ಪತ್ತೈದು ನಿಮಿಷದಲ್ಲಿ ಅವರು ಮಾಡಿದ್ದನ್ನೂ ನೋಡಿದೆ. ಅನ್ನವನ್ನು ತಟ್ಟೆಗೆ ಹರಡಿ ಫ್ಯಾನಿನ ಕೆಳಗೆ ಆರಿಸಿದರು. ಖಾರ ತಿನ್ನದ ಮಗುವಿಗೆಂದು ಮೆಣಸಿನಕಾಯಿ ಹಾಕುವ ಮುಂಚೆಯೇ ಎತ್ತಿಟ್ಟಿದ್ದ ಬೇಳೆಗೆ ತುಪ್ಪ ಬೆರೆಸಿದರು. ಒಂದು ಅಗುಳೂ ಗಟ್ಟಿ ಉಳಿಯದಂತೆ ಬೆರಳಿನಲ್ಲಿ ಹಿಸುಕಿದರು. ಹನ್ನೆರಡೂವರೆಗೆ ಟಿವಿ ಆರಿತು. ಎರಡು ಮಕ್ಕಳು ಅತ್ತವು, ಅವರು ಬಗ್ಗಲಿಲ್ಲ. ದೊಡ್ಡ ತಟ್ಟೆಯೊಂದನ್ನು ಮುಂದಿಟ್ಟುಕೊಂಡು ನೆಲದ ಮೇಲೆ ಕುಳಿತರು. ಮೊದಲ ತುತ್ತು ಕಿಟಕಿಯಾಚೆಯ ಕಾಗೆಗೆ, ಎರಡನೆಯದು ಚಿಕ್ಕವನಿಗೆ. ಹಾಗೇ ಸುತ್ತು ಹೊಡೆಯುತ್ತ ನಲವತ್ತು ನಿಮಿಷ. ಯಾರ ಸರದಿ ಎಂಬುದು ಐದು ಬಾಯಿಗಳಿಗೂ ಗೊತ್ತಿತ್ತು. ತನ್ನ ಸರದಿ ಬಂದಾಗ ಕರೆಯುವ ಮೊದಲೇ ಒಂದು ಬಾಯಿ ತೆರೆದುಕೊಳ್ಳುತ್ತಿತ್ತು.

ಈಗ ನಿಮ್ಮ ಮೂರನೆಯ ಪುಟಕ್ಕೆ ಬರುತ್ತೇನೆ. 'ಶನಿವಾರ, ಭಾನುವಾರ ಊಟದ ಹೊತ್ತಿಗೆ ಮಾತ್ರ ರೈಲಿನ ವಿಡಿಯೊ ತೋರಿಸುತ್ತೇವೆ, ಇಲ್ಲದಿದ್ದರೆ ಅವನು ಬಾಯಿ ತೆರೆಯುವುದಿಲ್ಲ' ಎಂದು ಅಲ್ಲಿ ಬರೆದಿದ್ದೀರಿ. ನಮ್ಮ ಬೀದಿಯ ಆಕೆ ಐದು ಮಕ್ಕಳಿಗೆ ಟಿವಿ ಆರಿಸಿ ಉಣ್ಣಿಸುತ್ತಾರೆ. ಒಂದು ಮಗುವಿಗೆ ಇಬ್ಬರು ದೊಡ್ಡವರು ಫೋನ್ ಹಿಡಿದು ಉಣ್ಣಿಸುತ್ತೀರಿ. ಸೋಮವಾರ ಮಧ್ಯಾಹ್ನ ಆ ಮಗು ಫೋನಿಗಾಗಿ ಹಠ ಹಿಡಿದಾಗ ಸಮಾಧಾನ ಮಾಡುವ ಕೈ ಯಾರದು? ನಿಮ್ಮನ್ನು ನೋಯಿಸಲು ಕೇಳುತ್ತಿಲ್ಲ. ವಾರವಿಡೀ ದುಡಿದು ಬಂದವರ ಶನಿವಾರದ ಆಯಾಸ ನನಗೂ ಗೊತ್ತು. ಆ ಆಯಾಸ ಅವರಿಗೂ ಇರಬಹುದು ಎಂದು ಒಂದು ಗಳಿಗೆ ಯೋಚಿಸಿ ಎಂದಷ್ಟೇ ನನ್ನ ಕೋರಿಕೆ.

ಆ ಮನೆಯಲ್ಲಿ ಟಿವಿ ಕುಳಿತಿರುವುದು ಇನ್ನೊಬ್ಬ ಮನುಷ್ಯರ ಜಾಗದಲ್ಲಿ. ಕುಕ್ಕರ್ ಕೂಗುವಾಗ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಒಬ್ಬ ಅಜ್ಜಿ, ಒಬ್ಬ ಚಿಕ್ಕಮ್ಮ, ಪಕ್ಕದ ಮನೆಯ ಒಬ್ಬ ಹುಡುಗಿ ಇರಬೇಕಾದ ಜಾಗ ಅದು. ಹಿಂದಿನ ಮನೆಗಳಲ್ಲಿ ಜನ ಹೆಚ್ಚಿದ್ದರು, ಆದ್ದರಿಂದ ಮಕ್ಕಳು ಕೈಯಿಂದ ಕೈಗೆ ಹೋಗುತ್ತಿದ್ದವು. ಆ ಕೈಗಳಿಗೂ ಯಾರೂ ಕೂಲಿ ಕೊಡುತ್ತಿರಲಿಲ್ಲ, ಆ ಮಾತು ಬೇರೆ. ಈಗ ಕೂಲಿ ಕೊಡುತ್ತಿದ್ದೇವೆ, ಎಷ್ಟು ಕೊಡುತ್ತಿದ್ದೇವೆ? ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 25 ದಿನ ಎಂದು ಹಿಡಿದರೆ 250 ಗಂಟೆ. ನಿಮ್ಮ 7,500 ರೂಪಾಯಿಯನ್ನು ಭಾಗಿಸಿದರೆ ಗಂಟೆಗೆ 30 ರೂಪಾಯಿ. ಅದರಲ್ಲೇ ಅನ್ನ, ತುಪ್ಪ, ಗ್ಯಾಸು, ನೆಲ ಒರೆಸುವ ಬಟ್ಟೆ. ಬೆಂಗಳೂರಿನ ಎಷ್ಟೋ ಮಾಲ್‌ಗಳಲ್ಲಿ ಒಂದು ಗಂಟೆ ಕಾರು ನಿಲ್ಲಿಸಲು ಇದಕ್ಕಿಂತ ಹೆಚ್ಚು ತೆರುತ್ತೇವೆ, ಅಲ್ಲಿ ಚಕಾರ ಎತ್ತುವುದಿಲ್ಲ.

ಮಕ್ಕಳನ್ನು ನೋಡಿಕೊಳ್ಳುವುದನ್ನು ನಾವು ಕಸುಬು ಎಂದು ಎಣಿಸಿಲ್ಲ. ಹೆಂಗಸಾಗಿ ಹುಟ್ಟಿದ ಮೇಲೆ ಬಂದೇ ಬರುತ್ತದೆ ಎಂದುಕೊಂಡಿದ್ದೇವೆ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರಿಷಿಯಾ ಕುಲ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಮಾಡಿದ, 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಎದುರು ಚೀನಿ ಮಾತಾಡುವವರು ಕುಳಿತು, ಆಟಿಕೆ ಹಿಡಿದು, ಪುಸ್ತಕ ಓದಿ ಆಡಿಸಿದರು. ಇನ್ನು ಕೆಲವಕ್ಕೆ ಅವರದೇ ವಿಡಿಯೊ ತೋರಿಸಿದರು. ಎರಡು ಗುಂಪಿಗೂ ಹನ್ನೆರಡು ಬಾರಿ. ಎದುರಿಗೆ ಮನುಷ್ಯರಿದ್ದ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದವು. ವಿಡಿಯೊ ನೋಡಿದವು ಏನನ್ನೂ ಕಲಿತಿರಲಿಲ್ಲ. ಟಿವಿಯನ್ನು ವಿರೋಧಿಸುವವರು ಇದನ್ನು ನನಗೆ ಬಹಳ ಸಲ ಹೇಳಿದ್ದಾರೆ. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆ ಮೊದಲ ಗುಂಪು. ಎದುರಿಗೆ ಕುಳಿತು, ಮುಖ ನೋಡಿ, ಕಾಗೆಗೊಂದು ತುತ್ತು ಎನ್ನುವವರ ಕೆಲಸಕ್ಕೆ ಬದಲಿಯಿಲ್ಲ. ನಿಮ್ಮ ಬಡಾವಣೆಯಲ್ಲಿ ಆ ಕೆಲಸ ಮಾಡುತ್ತಿರುವವರಿಗೇ ನೀವು ನಾಲ್ಕು ಮನೆಯವರು ಸೇರಿ ನೋಟಿಸು ಕೊಟ್ಟಿದ್ದೀರಿ.

1994ರಲ್ಲಿ ನಾನೂ ನಿಮ್ಮ ಜಾಗದಲ್ಲಿದ್ದೆ. ಹನುಮಂತನಗರದ ಬಾಡಿಗೆ ಮನೆ. ಮಗಳನ್ನು ಮುಂದಿನ ಮನೆಯಲ್ಲಿ ಬಿಟ್ಟು ಕಚೇರಿಗೆ ಹೋಗುತ್ತಿದ್ದೆ. ಡೇ ಕೇರ್ ಎಂಬ ಹೆಸರೂ ಅದಕ್ಕಿರಲಿಲ್ಲ. ಒಂದು ದಿನ ಬೇಗ ಬಂದಾಗ ಅವಳು ಆ ಮನೆಯಾಕೆಯ ಅತ್ತೆಯ ಪಕ್ಕದಲ್ಲಿ ಕುಳಿತು ಟಿವಿ ನೋಡುತ್ತಿದ್ದಳು. ಬಾಗಿಲಲ್ಲೇ ನಿಂತು ಮಾತಾಡಿದೆ. ಆಡಬಾರದ ಮಾತನ್ನೂ ಆಡಿದೆ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಮರುದಿನ ಹೋದಾಗ ಟಿವಿಗೆ ಕಸೂತಿಯ ಬಟ್ಟೆ ಹೊದಿಸಿದ್ದರು. ನನ್ನ ಮಗಳ ಸಲುವಾಗಿ ಆ ಮನೆಯ ಮುದುಕಿ ಮಧ್ಯಾಹ್ನದ ತನ್ನ ಒಂದೇ ಬೇಸರ ಕಳೆಯುವ ದಾರಿಯನ್ನು ಬಿಟ್ಟಿದ್ದರು. ಅದು ನನಗೆ ಹೊಳೆಯಲು ಎಷ್ಟೋ ವರ್ಷ ಹಿಡಿಯಿತು. ಹೊಳೆದಾಗ ಕ್ಷಮೆ ಕೇಳಲು ಆ ಮುದುಕಿ ಇರಲಿಲ್ಲ.

ಅದಕ್ಕೇ ಕ್ಯಾಮೆರಾದ ಮಾತು ನನ್ನನ್ನು ಇಷ್ಟು ಕಲಕಿದೆ. ನಿಮ್ಮ ಪತಿಯ ಪ್ರಸ್ತಾಪ ಪತ್ರದಲ್ಲಿ ಬರುವುದೇ ಕ್ಯಾಮೆರಾದ ಸಲಹೆ ಕೊಟ್ಟವರಾಗಿ. ಮಗುವನ್ನು ಬಿಡುವುದು, ಕರೆತರುವುದು, ಜಗಳವಾಡುವುದು, ಪತ್ರಿಕೆಗೆ ಬರೆಯುವುದು ಎಲ್ಲವೂ ನಿಮ್ಮ ಪಾಲಿಗೆ. ಇರಲಿ. ಅದು ಒಬ್ಬರ ಮನೆ. ಆ ಹಾಲ್‌ನಲ್ಲಿ ಹಾಸಿಗೆ ಹಿಡಿದ ವೃದ್ಧೆಯೊಬ್ಬರಿದ್ದಾರೆ. ಅವರಿಗೆ ಮೈ ಒರೆಸುವುದೂ ಬಟ್ಟೆ ಬದಲಿಸುವುದೂ ಅಲ್ಲೇ. ಅದನ್ನು ನಾಲ್ಕು ಕಚೇರಿಗಳಲ್ಲಿ ಕುಳಿತವರ ಫೋನುಗಳಿಗೆ ಕಳುಹಿಸಿ ಎಂದು ಕೇಳಿದ್ದೀರಿ. ಅವರು ಸಿಟ್ಟಿನಿಂದ ಬಾಗಿಲು ತೋರಿಸಿದ್ದಾರೆ ಎಂದು ನಿಮಗೆ ಅನಿಸಿದೆ. ನನಗೆ ಅವರು ಬಹಳ ಸಂಯಮದಿಂದ ಮಾತಾಡಿದ್ದಾರೆ ಎನ್ನಿಸಿತು.

ನೀವು ಕೆಲಸ ಮಾಡುವ ಕಂಪನಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನರಿದ್ದಾರೆ ಎಂದು ಬರೆದಿದ್ದೀರಿ. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ವಿಧಿಸಿತು. ನಿಮ್ಮ ಕಂಪನಿಯಲ್ಲಿ ಅಂಥ ಕೇಂದ್ರವಿದೆಯೇ? ಇಲ್ಲದಿದ್ದರೆ, ನಾಲ್ಕು ಮನೆಯವರು ಸೇರಿ ಅಲ್ಲಿಗೆ ಏಕೆ ಬರೆದುಕೊಡಲಿಲ್ಲ? ಕೇಳಬೇಕಾದ ದೊಡ್ಡ ಬಾಗಿಲನ್ನು ಬಿಟ್ಟು, ತಳ್ಳಿದರೆ ತೆರೆಯುವ ಸಣ್ಣ ಬಾಗಿಲಿಗೆ ಹೋಗಿದ್ದೀರಿ. ಸರ್ಕಾರವೂ ಬೇರೆಯಾಗಿ ನಡೆದುಕೊಂಡಿಲ್ಲ. ಅದೇ 2017ರಲ್ಲಿ ರಾಷ್ಟ್ರೀಯ ಶಿಶುಪಾಲನಾ ಯೋಜನೆಯನ್ನು ಪರಿಷ್ಕರಿಸಿದಾಗ, ಇಪ್ಪತ್ತೈದು ಮಕ್ಕಳ ಒಂದು ಕೇಂದ್ರದ ಕಾರ್ಯಕರ್ತೆಗೆ ಗೊತ್ತುಮಾಡಿದ ಗೌರವಧನ ತಿಂಗಳಿಗೆ 3,000 ರೂಪಾಯಿ, ಸಹಾಯಕಿಗೆ 1,500. ಗೌರವ ಎಂಬ ಶಬ್ದವನ್ನು ಅದರ ಜೊತೆ ಸೇರಿಸಲು ಮನಸ್ಸಾದರೂ ಹೇಗೆ ಬಂತು! ನಮ್ಮ ರಾಜ್ಯ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯಲು ಹೊರಟಾಗ ನನಗೆ ನಿಜಕ್ಕೂ ಸಂತೋಷವಾಯಿತು. ನರೇಗಾ ಕೆಲಸಕ್ಕೆ ಹೋಗುವ ತಾಯಿಗೆ ಅದು ಬೇಕೇ ಬೇಕಿತ್ತು. ಹಾಗೆಯೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ, ನಿಮಗೂ ನಿಮ್ಮ ನಿಮ್ಮ ಬೀದಿಯಲ್ಲಿ ಒಂದು ಕೂಸಿನ ಮನೆ ಬೇಕು. ಇದೇ ಊರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲೇ ಮಕ್ಕಳ ಕೂಟ ಕಟ್ಟಿದರು. 'ಸರಸ್ವತಿ' ಎಂಬ ಮಹಿಳಾ ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದ ಸಂಪಾದಕಿ ಅವರು. ಮಕ್ಕಳಿಗೆ ಊರಿನಲ್ಲಿ ಒಂದು ಜಾಗ ಬೇಕು ಎಂಬುದು ಅವರಿಗೆ ಅಂದೇ ತಿಳಿದಿತ್ತು. ನಾವು ಆಮೇಲೆ ಬಡಾವಣೆಯ ಮೇಲೆ ಬಡಾವಣೆ ಮಾಡಿದೆವು. ದೇವಸ್ಥಾನಕ್ಕೆ, ಅಂಗಡಿಗೆ, ಕಾರಿಗೆ ಜಾಗ ಬಿಟ್ಟೆವು.

ನಿಮ್ಮ ಜಗಳ ಬಗೆಹರಿಯುವಂಥದು. ಏಳು ಮನೆಯವರು ತಿಂಗಳಿಗೆ 700 ರೂಪಾಯಿ ಹೆಚ್ಚು ಕೊಟ್ಟರೆ 4,900 ಆಗುತ್ತದೆ. ದಿನಕ್ಕೆ ಎರಡು ಗಂಟೆ, ಹನ್ನೊಂದೂವರೆಯಿಂದ ಒಂದೂವರೆಯವರೆಗೆ, ಒಬ್ಬ ಸಹಾಯಕಿ ಬರಲಿ. ಯಾರು ಬರಬೇಕೆಂದು ಅವರೇ ಆರಿಸಲಿ, ಅದು ಅವರ ಮನೆ. ಆ ದಿನದಿಂದ ಟಿವಿ ಬೇಡವೆಂದು ಕೇಳಿ, ಒಪ್ಪುತ್ತಾರೆ ಎಂದೇ ನನ್ನ ನಂಬಿಕೆ. ನೀವೂ ಶನಿವಾರದ ರೈಲಿನ ವಿಡಿಯೊ ನಿಲ್ಲಿಸಿ, ನಿಲ್ಲಿಸಿದ್ದನ್ನು ಅವರಿಗೆ ಹೇಳಿ. ಮೊದಮೊದಲು ಅವನು ಊಟ ಬೇಡವೆಂದು ಹಠ ಹಿಡಿಯಬಹುದು, ಹೆದರಬೇಡಿ. ಅದನ್ನು ಹೇಗೆ ದಾಟಬೇಕೆಂದು ಅವರನ್ನೇ ಕೇಳಿದರೆ ಹೇಳಿಕೊಡುತ್ತಾರೆ.

ಅದಕ್ಕೂ ಮೊದಲು ವಾರದ ನಡುವೆ ಒಂದು ದಿನ ರಜೆ ಹಾಕಿ, ಅವರಿಗೆ ಹೇಳಿ, ಅವರು ಬನ್ನಿ ಎಂದರೆ, ಹನ್ನೊಂದೂಮುಕ್ಕಾಲಿಗೆ ಹೋಗಿ. ನಿಮ್ಮ ಪತಿಯನ್ನೂ ಕರೆದುಕೊಂಡು ಹೋಗಿ. ಒಳಗೆ ಮಲಗಿರುವ ಹಿರಿಯರನ್ನು ಮಾತಾಡಿಸಿ. ಕುಕ್ಕರ್ ಮೂರನೆಯ ಸಲ ಕೂಗುವವರೆಗೆ ಇಬ್ಬರೂ ಆ ಏಳು ಮಕ್ಕಳ ಜೊತೆ ನೆಲದ ಮೇಲೆ ಕುಳಿತಿರಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಎಷ್ಟು ಪುಟವಿದ್ದರೂ ಅದನ್ನು ಕತ್ತರಿಸದೆ ಪ್ರಕಟಿಸುತ್ತೇನೆ.